ಸೆರಾಂಪುರದ ಬೆಂಕಿ, 1812: ದೇವರ ಸಾರ್ವಭೌಮತ್ವದ ನಂಬಿಕೆ ದಿನದ ದುಡಿಮೆಯಾದ ಒಂದು ಪ್ರಕರಣ

ಲೋಕದಲ್ಲಿ ನಡೆಯುವುದೆಲ್ಲವೂ ದೇವರ ಆಳ್ವಿಕೆಯೊಳಗೇ ನಡೆಯುತ್ತದೆ, ಆತನ ಕೈಮೀರಿ ಒಂದು ಗುಬ್ಬಿಯೂ ನೆಲಕ್ಕೆ ಬೀಳದು ಎಂಬುದು ಕ್ರೈಸ್ತ ವಿಶ್ವಾಸದ ಬುನಾದಿಯ ಮಾತುಗಳಲ್ಲೊಂದು. ಆರಾಧನೆಯಲ್ಲಿ ಕುಳಿತು ಇದನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ. ಆದರೆ ಹತ್ತಾರು ವರ್ಷಗಳ ದುಡಿಮೆ ಒಂದೇ ರಾತ್ರಿಯಲ್ಲಿ ಬೂದಿಯಾದಾಗ, ಮರುದಿನ ಬೆಳಿಗ್ಗೆ ಎದ್ದು ಈ ನಂಬಿಕೆಯವರು ಕೈಯಲ್ಲಿ ಏನು ಹಿಡಿಯುತ್ತಾರೆ, ಯಾರನ್ನು ದೂರುತ್ತಾರೆ, ಯಾರನ್ನು ದೂರದೆ ಬಿಡುತ್ತಾರೆ ಎಂಬುದನ್ನು ನೋಡಿದಾಗಲೇ ಆ ಮಾತಿನ ತೂಕ ತಿಳಿಯುವುದು. ಹಾಗೆ ನೋಡಲು ದಾಖಲೆಗಳು ಚೆನ್ನಾಗಿ ಉಳಿದಿರುವ ಒಂದು ಪ್ರಕರಣ ಬಂಗಾಳದ ಸೆರಾಂಪುರದ್ದು. ಅಲ್ಲಿ ಸುಟ್ಟುಹೋದ ಕಾಗದಗಳಲ್ಲಿ ಕನ್ನಡದ ಹಸ್ತಪ್ರತಿಯೂ ಸೇರಿತ್ತು ಎಂಬ ಕಾರಣಕ್ಕೆ ಈ ಪ್ರಕರಣ ಕನ್ನಡ ಓದುಗರಿಗೆ ತೀರ ದೂರದ್ದೂ ಅಲ್ಲ.

ಘಟನೆ

ಹೂಗ್ಲಿ ನದಿಯ ದಂಡೆಯಲ್ಲಿ, ಕಲ್ಕತ್ತೆಗೆ ಉತ್ತರದಲ್ಲಿದ್ದ ಸೆರಾಂಪುರ ಮೂಲತಃ ಡೆನ್ಮಾರ್ಕಿನ ವಸಾಹತು. 1808ರಿಂದ ಕೆಲವು ವರ್ಷ ಅದು ಇಂಗ್ಲಿಷರ ವಶದಲ್ಲಿತ್ತು. 1800ರ ಜನವರಿಯಲ್ಲಿ ಅಲ್ಲಿ ಒಟ್ಟುಗೂಡಿದ ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಕ್ಯಾರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಒಂದೇ ಕುಟುಂಬದಂತೆ ಬಾಳುತ್ತ, ಗಳಿಸಿದ್ದನ್ನು ಒಂದೇ ಬೊಕ್ಕಸಕ್ಕೆ ಹಾಕುತ್ತ ಒಂದು ಮುದ್ರಣಾಲಯವನ್ನು ಕಟ್ಟಿದ್ದರು. ಕ್ಯಾರಿ ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು, ಭಾರತದಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ ಮತ್ತು ಮರಾಠಿ ಕಲಿಸುವವನಾಗಿದ್ದ. ವಾರ್ಡ್ ವೃತ್ತಿಯಿಂದಲೇ ಮುದ್ರಕ. ಬಂಗಾಳಿ ಅಚ್ಚುಮೊಳೆಗಳನ್ನು ರೂಪಿಸಿದ್ದ ಇಂಗ್ಲಿಷ್ ವಿದ್ವಾಂಸ ಚಾರ್ಲ್ಸ್ ವಿಲ್ಕಿನ್ಸ್‌ನ ಬಳಿ ಪಳಗಿದ್ದ ಅಚ್ಚುಮೊಳೆಗಳ ನಿಪುಣ ಪಂಚಾನನ ಕರ್ಮಕಾರನೂ, ಅವನ ತರುವಾಯ ಅಳಿಯ ಮನೋಹರನೂ ಒಂದೊಂದು ಲಿಪಿಗೂ ಉಕ್ಕಿನ ಅಚ್ಚುಗಳನ್ನು ಕೆತ್ತಿ, ಸೀಸದ ಮೊಳೆಗಳನ್ನು ಎರಕ ಹೊಯ್ದು ಕೊಡುತ್ತಿದ್ದರು.

1812ರ ಮಾರ್ಚ್ 11, ಬುಧವಾರದ ಸಂಜೆ. ಕ್ಯಾರಿ ಕಾಲೇಜಿನ ಕೆಲಸದ ಮೇಲೆ ಕಲ್ಕತ್ತೆಯಲ್ಲಿದ್ದ. ಇನ್ನೂರು ಅಡಿ ಉದ್ದ, ಐವತ್ತು ಅಡಿ ಅಗಲದ ಮುದ್ರಣಾಲಯದ ಒಂದು ತುದಿಯಲ್ಲಿ ಇಂಗ್ಲೆಂಡಿನಿಂದ ತರಿಸಿದ್ದ ಕಾಗದವನ್ನು ಅಟ್ಟಣೆಗಳ ಮೇಲೆ ಒಟ್ಟಲಾಗಿತ್ತು. ತನ್ನ ಮೇಜಿನ ಬಳಿ ಕುಳಿತಿದ್ದ ವಾರ್ಡ್‌ಗೆ ಹೊಗೆಯ ವಾಸನೆ ಬಡಿದು ಓಡಿ ನೋಡುವಷ್ಟರಲ್ಲಿ ಆ ಕಾಗದಕ್ಕೆ ಬೆಂಕಿ ಹತ್ತಿತ್ತು. ಗಾಳಿ ಒಳನುಗ್ಗಬಾರದೆಂದು ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬೆಂಕಿಯಿದ್ದ ಜಾಗದ ನೇರಕ್ಕೆ ಚಾವಣಿಯನ್ನು ಒಡೆದು, ಮೇಲಿನಿಂದ ಗಂಟೆಗಟ್ಟಲೆ ನೀರು ಸುರಿದರು. ಬೆಂಕಿ ಹೆಚ್ಚುಕಡಿಮೆ ಹಿಡಿತಕ್ಕೆ ಬಂದೂ ಬಂದಿತ್ತು. ಅಷ್ಟರಲ್ಲಿ ಯಾರೋ ಕಿಟಕಿ ತೆರೆದರು. ಒಳಗೆ ಗಾಳಿಯಾಡಿದ್ದೇ ತಡ, ಕಟ್ಟಡದ ಉದ್ದಕ್ಕೂ ಜ್ವಾಲೆ ಎದ್ದಿತು, ನಡುರಾತ್ರಿಯ ಹೊತ್ತಿಗೆ ಚಾವಣಿ ಕುಸಿಯಿತು. ಜೀವಹಾನಿಯಾಗಲಿಲ್ಲ. ಬೆಂಕಿ ಹತ್ತಿದ್ದು ಹೇಗೆಂಬುದು ಖಚಿತವಾಗಿ ಗೊತ್ತಾಗಲೇ ಇಲ್ಲ.

ಸುಟ್ಟದ್ದರ ಪಟ್ಟಿ ಓದಿದರೆ ಇಂದಿಗೂ ಎದೆ ಭಾರವಾಗುತ್ತದೆ: ಹದಿನಾಲ್ಕು ಪೌರ್ವಾತ್ಯ ಭಾಷೆಗಳ ಅಚ್ಚುಮೊಳೆಗಳು, ಅಪಾರ ಕಾಗದ, ಸಂಸ್ಕೃತ ಬೈಬಲ್ಲಿನ ಎರಡು ಪುಸ್ತಕಗಳ ಅನುವಾದ, ಬಂಗಾಳಿ ನಿಘಂಟಿನ ಸುಮಾರು ಮೂವತ್ತು ಪುಟಗಳ ಪ್ರತಿ, ತೆಲುಗು ವ್ಯಾಕರಣದ ಇಡೀ ಹಸ್ತಪ್ರತಿ, ಪಂಜಾಬಿ ವ್ಯಾಕರಣದ ಒಂದು ಭಾಗ, ಕನ್ನಡ ಸೇರಿದಂತೆ ಹಲವು ಭಾಷೆಗಳ ಅನುವಾದಗಳು. ಇವೆಲ್ಲಕ್ಕಿಂತ ಕ್ಯಾರಿಯ ಮನಸ್ಸಿಗೆ ಹತ್ತಿರವಾಗಿದ್ದದ್ದು ಸಂಸ್ಕೃತದಿಂದ ಬೆಳೆದ ಭಾಷೆಗಳ ಒಂದು ಬಹುಭಾಷಾ ನಿಘಂಟಿಗಾಗಿ ಅವನು ವರ್ಷಗಳಿಂದ ಕೂಡಿಹಾಕುತ್ತ ಬಂದಿದ್ದ ಸಾಮಗ್ರಿ. ಅದರಲ್ಲಿ ಏನೂ ಉಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಮಾರ್ಷ್‌ಮನ್ ಕಲ್ಕತ್ತೆಗೆ ಹೋಗಿ ಸುದ್ದಿ ಹೇಳಿದಾಗ ಕ್ಯಾರಿಗೆ ಕೆಲಹೊತ್ತು ಮಾತೇ ಹೊರಡಲಿಲ್ಲ. ಅನಂತರ ಸೆರಾಂಪುರಕ್ಕೆ ಬಂದು, ಕಲ್ಕತ್ತೆಯ ಪಾದ್ರಿ ಥಾಮಸ್ ಥಾಮಸನ್ ಜೊತೆಯಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಅವಶೇಷಗಳ ನಡುವೆ ನಡೆದ. ಥಾಮಸನ್ ಬರೆದಿಟ್ಟ ಪ್ರಕಾರ ಅವನ ಕಣ್ಣುಗಳಲ್ಲಿ ನೀರಿತ್ತು. ಕಾಲಡಿಯಲ್ಲಿ ಸುಂದರವಾದ ಅಚ್ಚುಮೊಳೆಗಳು ಕರಗಿ ಆಕಾರಗೆಟ್ಟ ಗಟ್ಟಿಗಳಾಗಿ ಬಿದ್ದಿದ್ದವು. ಅಲ್ಲಿ ಕ್ಯಾರಿ ಆಡಿದ ಮಾತಿನ ಸಾರ ಇದು: ವರ್ಷಗಳ ದುಡಿಮೆ ಒಂದು ಸಂಜೆಯಲ್ಲಿ ಉರಿದುಹೋಯಿತು, ದೇವರ ಮಾರ್ಗಗಳು ಎಷ್ಟು ಅಗಮ್ಯ! ಕೆಲವು ಕೆಲಸಗಳನ್ನು ಇನ್ನು ತಿದ್ದುವುದಕ್ಕಿಲ್ಲ ಎನ್ನುವಷ್ಟು ಪೂರ್ಣಗೊಳಿಸಿ, ಇದೆಲ್ಲವನ್ನೂ ನೋಡಿ ಸ್ವಲ್ಪ ಹೆಚ್ಚಾಗಿಯೇ ಬೀಗಿದ್ದೆನೇನೋ. ಕರ್ತನು ನನ್ನನ್ನು ಕೆಳಗಿಳಿಸಿದ್ದಾನೆ, ಇನ್ನಷ್ಟು ಸರಳವಾಗಿ ತನ್ನ ಕಡೆಗೆ ನೋಡಲೆಂದು.

ನಂಬಿಕೆಯ ಹಿನ್ನೆಲೆ

ಕ್ಯಾರಿ ಯೌವನದಲ್ಲಿ ಸೇರಿಕೊಂಡ ಬ್ಯಾಪ್ಟಿಸ್ಟ್ ಪಂಗಡ ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನನ ಬೋಧನೆಯ ದಾರಿಯದು. 1689ರಲ್ಲಿ ಆ ಪಂಗಡದವರು ಅಂಗೀಕರಿಸಿದ ವಿಶ್ವಾಸಪ್ರಮಾಣವು ದೇವರು ಎಲ್ಲವನ್ನೂ ತನ್ನ ಚಿತ್ತದಂತೆ ನಡೆಸುತ್ತಾನೆ ಎಂದು ಹೇಳಿದ ಉಸಿರಿನಲ್ಲೇ, ಇದರಿಂದ ಮನುಷ್ಯರ ಇಚ್ಛೆಗೆ ಬಲಾತ್ಕಾರವಾಗುವುದಿಲ್ಲ, ಲೋಕದಲ್ಲಿರುವ ಉಪಕಾರಣಗಳು, ಅಂದರೆ ದೇವರ ಚಿತ್ತ ನೆರವೇರುವ ಮನುಷ್ಯರ ಮತ್ತು ಲೋಕದ ಸಾಧನಗಳು, ಅಳಿಸಿಹೋಗುವುದೂ ಇಲ್ಲ ಎಂದು ಸೇರಿಸುತ್ತದೆ. ಹಾಗಾಗಿ ಇದು ನಮ್ಮಲ್ಲಿ ಜನ ಹಣೆಬರಹ ಎಂದು ಕೈಚೆಲ್ಲುವ ಮನೋಭಾವಕ್ಕೆ ಸಮವಲ್ಲ. ಹಣೆಬರಹದ ಹಿಂದೆ ಮನುಷ್ಯನನ್ನು ಬಲ್ಲ, ಅವನೊಡನೆ ಮಾತಾಡುವ ಮುಖವೊಂದು ಇರಬೇಕಾಗಿಲ್ಲ. ಇಲ್ಲಿ ಇರುವುದು ತಂದೆಯ ಮುಖ. ಗುಬ್ಬಿಗಳ ಮಾತನ್ನು ಯೇಸು ಹೇಳಿದ್ದು ಶಿಷ್ಯರನ್ನು ಮನೆಯಲ್ಲಿ ಕೂರಿಸಲು ಅಲ್ಲ, ಭಯಪಡದೆ ಹೊರಗೆ ಹೋಗಿ ಕೆಲಸ ಮಾಡಿರೆಂದು ಕಳುಹಿಸುವಾಗ.

ಹಾಗೆಂದರೂ ಈ ಬೋಧನೆ ಕೈಕಟ್ಟಿ ಕೂರುವ ನೆಪವಾಗಬಲ್ಲದು ಎಂಬುದು ಕ್ಯಾರಿಗೆ ತನ್ನ ಊರಿನಲ್ಲೇ ಗೊತ್ತಾಗಿತ್ತು. ಅನ್ಯದೇಶಗಳಿಗೆ ಸುವಾರ್ತೆ ಒಯ್ಯುವ ಮಾತನ್ನು ಅವನು ಬೋಧಕರ ಸಭೆಯಲ್ಲಿ ಎತ್ತಿದಾಗ, ದೇವರಿಗೆ ಬೇಕೆನಿಸಿದರೆ ನಿನ್ನ ನೆರವೂ ನನ್ನ ನೆರವೂ ಇಲ್ಲದೆ ಆತನೇ ಮಾಡಿಕೊಳ್ಳುತ್ತಾನೆ, ಕುಳಿತುಕೋ ಎಂದು ಹಿರಿಯ ಬೋಧಕ ಜಾನ್ ರೈಲೆಂಡ್ ಗದರಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಅಂಥ ಮಾತು ನಡೆದೇ ಇಲ್ಲವೆಂದು ರೈಲೆಂಡನ ಮಗ ನಿರಾಕರಿಸಿದ್ದಾನೆ, ಆದ್ದರಿಂದ ಅದನ್ನು ಇತಿಹಾಸವೆಂದು ಬಳಸುವುದು ಸರಿಯಲ್ಲ. ಆದರೆ ಅಂಥ ಮನೋಭಾವ ಆ ಸಭೆಗಳಲ್ಲಿ ಇದ್ದದ್ದು ನಿಜ. ಮುಂದೆ ಇಂಗ್ಲೆಂಡಿನಲ್ಲಿ ಅವರ ಮಿಷನ್ ಸಂಘದ ಕಾರ್ಯದರ್ಶಿಯಾದ ಬೋಧಕ ಆಂಡ್ರೂ ಫುಲ್ಲರ್ 1785ರಲ್ಲೂ ಕ್ಯಾರಿ 1792ರಲ್ಲೂ ಪ್ರಕಟಿಸಿದ ಬರಹಗಳು ಅದನ್ನೇ ಎದುರಿಸಿದವು. ದೇವರು ಆಳುತ್ತಾನೆ ಎಂಬ ಕಾರಣಕ್ಕೇ ಮನುಷ್ಯನು ತನ್ನ ಕೈಗೆ ಎಟುಕಿದ ಸಾಧನಗಳನ್ನೆಲ್ಲ ಬಳಸುವ ಹೊಣೆಗಾರನಾಗಿದ್ದಾನೆ ಎಂಬುದು ಕ್ಯಾರಿಯ ವಾದ.

1805ರಲ್ಲಿ ಸೆರಾಂಪುರದವರು ಬರೆದುಕೊಂಡ ಒಡಂಬಡಿಕೆಯಲ್ಲಿ ಈ ಎರಡು ತುದಿಗಳೂ ಪಕ್ಕಪಕ್ಕದಲ್ಲಿವೆ. ಪೌಲನು ನೆಟ್ಟರೂ ಅಪೊಲ್ಲೋಸನು ನೀರು ಹೊಯ್ದರೂ ಬೆಳೆಸುವವನು ದೇವರೇ. ಆದರೂ ಆ ಸರ್ವತಂತ್ರ ಕೃಪೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರಿದ ಪೌಲನೇ ಎಲ್ಲರಿಗಿಂತ ಹೆಚ್ಚು ಶ್ರಮಪಟ್ಟವನು ಎಂಬುದನ್ನು ಬೆರಗಿನಿಂದ ಗಮನಿಸುತ್ತೇವೆ ಎಂದು ಅವರು ಬರೆದರು. ಜನವರಿ, ಮೇ ಮತ್ತು ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಇದನ್ನು ಪ್ರತಿಯೊಂದು ಕೇಂದ್ರದಲ್ಲೂ ಬಹಿರಂಗವಾಗಿ ಓದಬೇಕೆಂದು ನಿರ್ಣಯಿಸಿದರು. ಈ ಸಣ್ಣ ನಿರ್ಣಯ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಬೆಂಕಿಯ ರಾತ್ರಿ ಅವರಿಗೆ ಒದಗಿದ ಮಾತು ಆ ರಾತ್ರಿ ಹುಡುಕಿಕೊಂಡದ್ದಲ್ಲ. ಏನೂ ಕೆಡದಿದ್ದ ದಿನಗಳಲ್ಲಿ ಓದಿ ಓದಿ ನಾಲಗೆಗೆ ಒಗ್ಗಿದ್ದು.

ಅದೇ ರೀತಿ ಕ್ಯಾರಿಯ ಸಾಮಾನ್ಯ ದಿನವೊಂದರ ವಿವರವೂ ಉಳಿದಿದೆ. 1806ರ ಜೂನ್‌ನಲ್ಲಿ ಬರೆದ ಪತ್ರದಲ್ಲಿ ಅವನು ಆ ದಿನ ಮಾಡಿದ್ದನ್ನು ಸಾಲಾಗಿ ಹೇಳುತ್ತಾನೆ: ಐದೂ ಮುಕ್ಕಾಲಿಗೆ ಎದ್ದು ಹೀಬ್ರೂ ಬೈಬಲ್ಲಿನ ಒಂದು ಅಧ್ಯಾಯ, ಏಳರವರೆಗೆ ಏಕಾಂತ ಪ್ರಾರ್ಥನೆ, ಆಮೇಲೆ ಆಳುಗಳೊಂದಿಗೆ ಬಂಗಾಳಿಯಲ್ಲಿ ಮನೆಯ ಪ್ರಾರ್ಥನೆ, ಮುನ್ಷಿಯೊಂದಿಗೆ ಪಾರಸಿ, ಪಂಡಿತರೊಂದಿಗೆ ಸಂಸ್ಕೃತ ರಾಮಾಯಣದ ಅನುವಾದ, ಕಾಲೇಜು, ಕರಡು ತಿದ್ದುವುದು, ತೆಲುಗು ಪಾಠ, ಸಂಜೆ ಇಂಗ್ಲಿಷ್ ಪ್ರಸಂಗ, ರಾತ್ರಿ ಹನ್ನೊಂದರವರೆಗೆ ಯೆಹೆಜ್ಕೇಲನ ಪುಸ್ತಕದ ಬಂಗಾಳಿ ಅನುವಾದ. ತನ್ನ ಸಮಯದ ಒಡೆಯ ಬೇರೊಬ್ಬನಿದ್ದಾನೆಂದು ನಂಬಿದವನ ದಿನಚರಿ ಸಡಿಲವಾಗಿರುತ್ತದೆ ಎಂದುಕೊಳ್ಳುವವರು ಈ ಪತ್ರವನ್ನು ಓದಬೇಕು.

ಬೂದಿಯ ಮರುದಿನ

ಕ್ಯಾರಿ ಕಲ್ಕತ್ತೆಯಿಂದ ಬರುವಷ್ಟರಲ್ಲಿ ವಾರ್ಡ್ ಅವಶೇಷಗಳನ್ನು ಕೆದಕಿಸಿದ್ದ. ಅವುಗಳ ಅಡಿಯಲ್ಲಿ, ಅಕ್ಷರಗಳ ಮೂಲರೂಪಗಳಾದ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕವು. ಸೀಸದ ಮೊಳೆ ಕರಗಿದರೂ ಉಕ್ಕಿನ ಅಚ್ಚು ಇದ್ದರೆ ಮತ್ತೆ ಎರಕ ಹೊಯ್ಯಬಹುದು. ಅಚ್ಚೇ ಹೋಗಿದ್ದರೆ ಪ್ರತಿಯೊಂದು ಅಕ್ಷರವನ್ನೂ ಮೊದಲಿನಿಂದ ಕೆತ್ತಬೇಕಿತ್ತು, ಅದು ವರ್ಷಗಳ ಕೆಲಸ. ಪಕ್ಕದ ಕೋಣೆಯಲ್ಲಿದ್ದ ಐದು ಮುದ್ರಣಯಂತ್ರಗಳು ಉಳಿದಿದ್ದವು, ಕಾಗದದ ಗಿರಣಿಗೆ ಬೆಂಕಿ ತಾಗಿರಲಿಲ್ಲ. ಗೋದಾಮಾಗಿ ಬಾಡಿಗೆಗೆ ಕೊಟ್ಟಿದ್ದ ದೊಡ್ಡ ಕಟ್ಟಡವೊಂದು ಬೆಂಕಿಗೆ ಕೆಲವೇ ದಿನಗಳ ಮೊದಲು ತೆರವಾಗಿತ್ತು. ಕರಗಿದ ಲೋಹವನ್ನು ಬೂದಿಯಿಂದ ಆರಿಸಿ, ಅದನ್ನೇ ಮತ್ತೆ ಕಾಯಿಸಿ, ಆ ಗೋದಾಮಿನಲ್ಲಿ ಕೆಲಸ ಶುರುಮಾಡಿದರು.

ಎಷ್ಟು ಬೇಗ ಎಂಬುದನ್ನು ಮಾರ್ಚ್ 25ರಂದು, ಅಂದರೆ ಸರಿಯಾಗಿ ಎರಡು ವಾರಗಳ ಬಳಿಕ ಕ್ಯಾರಿ ಫುಲ್ಲರ್‌ಗೆ ಬರೆದ ಪತ್ರದಿಂದ ಲೆಕ್ಕ ಹಾಕಬಹುದು. ತಮಿಳಿನ ಮೊಳೆಗಳನ್ನು ಮೊದಲು ಕೈಗೆತ್ತಿಕೊಂಡೆವು, ಶುರುವಾದ ಹದಿನೈದು ದಿನಕ್ಕೆ, ಈ ವಾರದ ಕೊನೆಗೆ, ಅವು ಮುಗಿಯುತ್ತವೆ ಎನ್ನುತ್ತಾನೆ. ಹಾಗಿದ್ದರೆ ಚಾವಣಿ ಕುಸಿದ ಮೂರು ನಾಲ್ಕು ದಿನಗಳೊಳಗೆ ಎರಕದ ಕುಲುಮೆ ಉರಿಯುತ್ತಿತ್ತು. ಅನಂತರ ದೇವನಾಗರಿ, ಆಮೇಲೆ ಬಂಗಾಳಿ, ಒಡಿಯಾ, ತೆಲುಗು, ಸಿಂಹಳ, ಬರ್ಮಿ, ಪಾರಸಿ ಮುಂತಾದವು ಆರೇಳು ತಿಂಗಳಲ್ಲಿ, ಚೀನಿ ಲಿಪಿಗೆ ಮಾತ್ರ ಒಂದು ವರ್ಷಕ್ಕೂ ಹೆಚ್ಚು ಎಂದು ಅಂದಾಜು ಕೊಡುತ್ತಾನೆ. ಸುಟ್ಟ ಅನುವಾದಗಳನ್ನು ಆಯಾ ಭಾಷೆಯ ಪಂಡಿತರು ಆಗಲೇ ಮತ್ತೆ ಬರೆಯಲಾರಂಭಿಸಿದ್ದಾರೆ ಎಂದು ಹೇಳುವ ಆ ಪಟ್ಟಿಯಲ್ಲಿ ಮರಾಠಿ, ತೆಲುಗು, ಅಸ್ಸಾಮಿಗಳ ಜೊತೆ ಕರ್ಣಾಟಕ ಭಾಷೆಯ ಹೆಸರೂ ಇದೆ.

ಅದೇ ಪತ್ರದಲ್ಲಿ ಅವನ ನಂಬಿಕೆಯ ಮಾತೂ ಬರುತ್ತದೆ. ನಷ್ಟ ಬಹಳ ದೊಡ್ಡದು, ಅದರ ನೋವು ಬಹುಕಾಲ ಕಾಡುತ್ತದೆ. ಆದರೂ ಇದನ್ನು ಇನ್ನೂ ಅಸಹನೀಯವಾಗಿಸಬಹುದಾಗಿದ್ದ ನೂರು ಸಂಗತಿಗಳು ನನ್ನ ಕಣ್ಣಮುಂದೆ ಬರುತ್ತವೆ. ಕರ್ತನು ನಮ್ಮನ್ನು ಹೊಡೆದಿದ್ದಾನೆ, ಹಾಗೆ ಮಾಡುವ ಹಕ್ಕು ಆತನಿಗಿದೆ. ಆತನ ಸಾರ್ವಭೌಮ ಚಿತ್ತಕ್ಕೆ ತಲೆಬಾಗಲು, ಅಷ್ಟೇ ಅಲ್ಲ, ಮನಃಪೂರ್ವಕವಾಗಿ ಒಪ್ಪಿಕೊಳ್ಳಲು ಬಯಸುತ್ತೇನೆ, ಈ ಕೇಡಿಗೆ ನನ್ನಲ್ಲಿ ಏನು ಕಾರಣವಾಗಿರಬಹುದೆಂದು ಕಠಿಣವಾಗಿ ಪರೀಕ್ಷಿಸಿಕೊಳ್ಳುತ್ತೇನೆ ಎಂಬುದು ಅದರ ಭಾವ.

ಈ ವಾಕ್ಯದ ಮುಂದೆ ಸ್ವಲ್ಪ ನಿಲ್ಲಬೇಕು. ಆಪತ್ತು ಬಂದಾಗ ಅದನ್ನು ಪಾಪಕ್ಕೆ ಶಿಕ್ಷೆಯೆಂದು ಓದುವ ಚಾಳಿ ಧರ್ಮವಂತರಲ್ಲಿ ಹಳೆಯದು, ಮತ್ತು ಅದರಿಂದ ಆಗಿರುವ ಗಾಯಗಳು ಅಷ್ಟಿಷ್ಟಲ್ಲ. ಸಿಲೋವದ ಗೋಪುರ ಬಿದ್ದು ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನೆಸಬೇಡಿರಿ ಎಂದು ಯೇಸು ಖಂಡಿತವಾಗಿ ಹೇಳಿದ್ದಾನೆ. ಯೋಬನ ಗೆಳೆಯರು ಹಾಗೆ ಓದಿದ್ದಕ್ಕೆ ದೇವರ ಗದರಿಕೆಯನ್ನೇ ಕೇಳಬೇಕಾಯಿತು. ಕ್ಯಾರಿಯೂ ಆ ಅಂಚಿನಲ್ಲೇ ನಡೆಯುತ್ತಿದ್ದಾನೆ. ಆದರೆ ಅವನು ಆ ಪರೀಕ್ಷೆಯನ್ನು ಹಿಡಿಯುವುದು ತನ್ನ ಮುಖಕ್ಕೆ. ಕಿಟಕಿ ತೆರೆದವರು ಯಾರು ಎಂಬ ಪ್ರಶ್ನೆ ಆ ಮಾತಿನಲ್ಲಿ ಏಳುವುದೇ ಇಲ್ಲ. ಕಾಗದವನ್ನು ಅಲ್ಲಿ ಒಟ್ಟಿದವನ ಮೇಲೆ, ಆ ಸಂಜೆ ಅಲ್ಲಿದ್ದ ವಾರ್ಡ್‌ನ ಮೇಲೆ, ಸಂಬಳಕ್ಕೆ ದುಡಿಯುತ್ತಿದ್ದ ಬಡಪಾಯಿಗಳ ಮೇಲೆ ಆ ಬೆರಳು ಹೋಗುವುದಿಲ್ಲ. ದೇವರ ಕೈಯನ್ನು ಘಟನೆಯ ಹಿಂದೆ ಕಂಡ ಮಾತ್ರಕ್ಕೆ ಮನುಷ್ಯರ ಹೊಣೆ ತಪ್ಪುವುದಿಲ್ಲ, ನಿಜ. ಆದರೆ ಬಲಿಪಶುವೊಂದನ್ನು ಹುಡುಕಲೇಬೇಕೆಂಬ ಹಪಹಪಿ ಮಾತ್ರ ತಣ್ಣಗಾಗುತ್ತದೆ. ಸುಟ್ಟ ಅಂಗಳದಲ್ಲಿ ಒಟ್ಟಿಗೆ ದುಡಿಯಬೇಕಾದ ಜನರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಾರದು ಎಂದೇ ನನ್ನ ಅನಿಸಿಕೆ.

ಇನ್ನೊಂದು ಸಂಗತಿ. ಗೋದಾಮು ತೆರವಾಗಿದ್ದದ್ದನ್ನೂ ಉಕ್ಕಿನ ಅಚ್ಚು ಉಳಿದದ್ದನ್ನೂ ಅವರು ದೇವರ ಕರುಣೆಯೆಂದು ಎಣಿಸಿದರು. ಅನುಕೂಲವಾದದ್ದನ್ನು ದೇವರ ಲೆಕ್ಕಕ್ಕೂ ಪ್ರತಿಕೂಲವಾದದ್ದನ್ನು ಸೈತಾನನ ಲೆಕ್ಕಕ್ಕೂ ಬರೆಯುವುದು ಭಕ್ತರಲ್ಲಿ ಸಾಮಾನ್ಯ. ಇವರು ಬೆಂಕಿಯನ್ನೂ ಗೋದಾಮನ್ನೂ ಒಂದೇ ಕೈಯಿಂದ ಸ್ವೀಕರಿಸಿದರು. ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು ಎಂದ ಯೋಬನ ಮಾತನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿಯಾಗಿ ಹೇಳಿದವರು ಅವರು, ಮತ್ತು ಪೂರ್ತಿಯಾಗಿ ಹೇಳಲು ಧೈರ್ಯ ಬೇಕು.

ಆ ದಿನಗಳಲ್ಲಿ ಕೆಲಸ ಮಾಡಿದ ಎಲ್ಲರೂ ಈ ನಂಬಿಕೆಯವರಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಪಂಡಿತರಲ್ಲಿ ಹೆಚ್ಚಿನವರು ಹಿಂದೂಗಳು. ಮನೋಹರ ಕರ್ಮಕಾರನು ತನ್ನ ಇಷ್ಟದೇವತೆಯ ಮೂರ್ತಿಯ ಕೆಳಗೆ ಕುಳಿತೇ ಬೈಬಲ್ಲಿನ ಅಚ್ಚುಗಳನ್ನು ಕೆತ್ತುತ್ತಿದ್ದನು, ಬೇರೆಡೆ ಕುಳಿತು ಕೆಲಸ ಮಾಡಲು ಅವನು ಒಪ್ಪುತ್ತಿರಲಿಲ್ಲ ಎಂದು 1839ರಲ್ಲಿ ಅವನನ್ನು ಕಂಡವರು ಬರೆದಿದ್ದಾರೆ. ಸೆರಾಂಪುರದ ಪುನರುತ್ಥಾನವನ್ನು ಮೂವರು ಮಿಷನರಿಗಳ ವಿಶ್ವಾಸದ ಕಥೆಯಾಗಿ ಮಾತ್ರ ಹೇಳುವವರು ಇವರ ಕೈಗಳನ್ನು ಮರೆಯುತ್ತಾರೆ. ಉಪಕಾರಣಗಳು ಅಳಿಸಿಹೋಗುವುದಿಲ್ಲ ಎಂದ ಹಳೆಯ ವಿಶ್ವಾಸಪ್ರಮಾಣವನ್ನು ನಂಬಿಗಸ್ತರು ಅಕ್ಷರಶಃ ತೆಗೆದುಕೊಂಡರೆ, ಆ ಪಂಡಿತರಿಗೂ ಎರಕದವರಿಗೂ ಸಲ್ಲಬೇಕಾದ ಕೃತಜ್ಞತೆಯನ್ನು ದೇವರ ಹೆಸರಿನಲ್ಲಿ ನುಂಗಿಹಾಕಲು ಬರುವುದಿಲ್ಲ.

ಭಾನುವಾರದ ಪ್ರಸಂಗ

ಬೆಂಕಿಯ ನಂತರದ ಭಾನುವಾರ ಕ್ಯಾರಿ ಆರಿಸಿಕೊಂಡ ವಚನ 46ನೆಯ ಕೀರ್ತನೆಯದು: ಶಾಂತರಾಗಿರಿ, ನಾನೇ ದೇವರೆಂದು ತಿಳಿದುಕೊಳ್ಳಿರಿ. ಪ್ರಸಂಗದಲ್ಲಿ ಎರಡೇ ಅಂಶ. ನಮ್ಮನ್ನು ತನ್ನ ಇಷ್ಟದಂತೆ ನಡೆಸುವ ಸಾರ್ವಭೌಮ ಹಕ್ಕು ದೇವರಿಗಿದೆ. ಆತನು ನಮಗೆ ಮಾಡುವುದನ್ನೂ ನಮ್ಮಲ್ಲಿ ಮಾಡುವುದನ್ನೂ ನಾವು ಒಪ್ಪಿಕೊಳ್ಳಬೇಕು. ಆ ಕೀರ್ತನೆ ಭೂಮಿ ಅಲ್ಲಾಡಿದರೂ, ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ಎಂದು ಆರಂಭವಾಗುತ್ತದೆ. ಎಲ್ಲವೂ ಸರಿಯಿರುವಾಗ ಹಾಡುವ ಹಾಡಲ್ಲ ಅದು. ಶಾಂತರಾಗಿರಿ ಎಂಬ ಆಜ್ಞೆ ಬರುವುದೂ ಗದ್ದಲದ ನಟ್ಟನಡುವೆ.

ಆ ಭಾನುವಾರದ ಸುತ್ತಮುತ್ತಲೇ ಎರಕದ ಕೆಲಸವೂ ಶುರುವಾಗಿತ್ತು ಎಂಬುದನ್ನು ಇಲ್ಲಿ ಕೂಡಿಸಿ ನೋಡಬೇಕು. ದೇವರ ಹಕ್ಕನ್ನು ಒಪ್ಪಿಕೊಳ್ಳುವುದು ಅವರಿಗೆ ಕೆಲಸವನ್ನು ನಿಲ್ಲಿಸುವ ಕಾರಣವಾಗಲಿಲ್ಲ, ಬದಲಾಗಿ ಕೆಲಸಕ್ಕೆ ಅಂಟಿಕೊಂಡಿದ್ದ ಒಂದು ಭಾರವನ್ನು ಕಳಚಿತು. ನಾನಿಲ್ಲದಿದ್ದರೆ ಇದು ನಡೆಯದು, ನನ್ನ ಕೃತಿ ಉಳಿದರೆ ಮಾತ್ರ ನನ್ನ ಬದುಕಿಗೆ ಅರ್ಥ ಎಂಬ ಭಾರ ಅದು. ಥಾಮಸನ್ ಆ ಅವಶೇಷಗಳ ನಡುವೆ ನಿಂತು ತನಗೆ ತಾನೇ ಹೇಳಿಕೊಂಡದ್ದೂ ಇದನ್ನೇ: ನಿನ್ನ ಪುಸ್ತಕಗಳಿಗೆ ಮರಳು, ಅರಬ್ಬಿಯನ್ನು ದೀನತೆಯಿಂದ ಕಲಿ, ನೀನಿಲ್ಲದೆಯೂ ದೇವರು ನಡೆಸಬಲ್ಲನು. ದಾರಿಯನ್ನು ಎರಡನೆಯ ಸಲ ನಡೆಯುವುದು ಎಷ್ಟೇ ನೋವಿನದಾದರೂ ಮೊದಲ ಸಲಕ್ಕಿಂತ ಸಲೀಸಾಗಿ, ಖಚಿತವಾಗಿ ಸಾಗುತ್ತದೆ ಎಂದು ಕ್ಯಾರಿ ಬರೆದದ್ದರಲ್ಲಿ ಆ ಹಗುರವಾದ ಮನಸ್ಸು ಕಾಣುತ್ತದೆ. ಸುಟ್ಟದ್ದು ಪರಿಪೂರ್ಣವಾಗಿತ್ತು ಎಂದು ಹಲುಬುತ್ತ ಕೂರುವವನು ಅದನ್ನು ತಿದ್ದಿ ಬರೆಯಲಾರನು.

ಈ ಪ್ರಕರಣ ಹೇಳದೆ ಬಿಡುವ ಪುಟ

ಇಷ್ಟಕ್ಕೇ ನಿಲ್ಲಿಸಿದರೆ ಕ್ಯಾರಿಯ ಬಗ್ಗೆಯೂ ಈ ಬೋಧನೆಯ ಬಗ್ಗೆಯೂ ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ಅವನ ಮೊದಲ ಹೆಂಡತಿ ಡೊರೊಥಿ ಭಾರತಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. 1793ರಲ್ಲಿ, ಕೆಲವೇ ವಾರಗಳ ಹಸುಗೂಸನ್ನು ಎತ್ತಿಕೊಂಡು, ತಂಗಿ ಜೊತೆಗೆ ಬಂದರೆ ಮಾತ್ರ ಎಂಬ ಷರತ್ತಿನ ಮೇಲೆ, ಗಂಡನ ಸಂಗಡಿಗ ಜಾನ್ ಥಾಮಸನ ಒತ್ತಾಯಕ್ಕೆ ಮಣಿದು, ಅವಸರದಲ್ಲಿ ಹಡಗು ಹತ್ತಿದಳು. ಮರುವರ್ಷ ಬಂಗಾಳದ ಮುದ್ನಾಬಾಟಿಯಲ್ಲಿ ಐದು ವರ್ಷದ ಮಗ ಪೀಟರ್ ಜ್ವರ ಮತ್ತು ರಕ್ತಭೇದಿಯಿಂದ ತೀರಿಕೊಂಡ. 1795ರಿಂದ ಅವಳ ಮನಸ್ಸಿನ ಸ್ಥಿಮಿತ ತಪ್ಪಿತು. ಮತ್ತೆ ಅದು ಮರಳಲಿಲ್ಲ. ಹಲವು ವರ್ಷ ಅವಳನ್ನು ಕೋಣೆಯೊಂದರಲ್ಲಿ ಇಟ್ಟು ಕಾಯಬೇಕಾಯಿತು, ಪಕ್ಕದ ಕೋಣೆಯಲ್ಲಿ ಅನುವಾದ ಸಾಗಿತ್ತು. 1807ರ ಡಿಸೆಂಬರ್ 8ರಂದು ಅವಳು ತೀರಿಕೊಂಡಳು.

ಕ್ಯಾರಿ ಅವಳನ್ನು ಕೈಬಿಡಲಿಲ್ಲ, ಆ ಕಾಲದ ಹುಚ್ಚಾಸ್ಪತ್ರೆಗೆ ದೂಡಲಿಲ್ಲ. ಅದು ಅವನಿಗೆ ಸಲ್ಲಬೇಕಾದ ಮಾತು. ಆದರೂ ದೇವರ ಕರೆ, ದೇವರ ಚಿತ್ತ ಎಂಬ ಮಾತುಗಳ ಬೆಲೆಯನ್ನು ಅವಳು ತೆತ್ತಳು, ಆ ಮಾತುಗಳನ್ನು ಅವಳಾಗಿ ಆಡಿದವಳಲ್ಲ. ಬೆಂಕಿಯ ಪ್ರಕರಣದಲ್ಲಿ ನಮ್ಮನ್ನು ಮುಟ್ಟುವುದು ಕ್ಯಾರಿ ತನ್ನ ನಷ್ಟವನ್ನು ತಾನು ದೇವರ ಕೈಗೆ ಒಪ್ಪಿಸಿದ್ದು. ಇನ್ನೊಬ್ಬರ ನಷ್ಟವನ್ನು ಅವರ ಪರವಾಗಿ ದೇವರಿಗೆ ಒಪ್ಪಿಸಿಬಿಡುವುದು ಬೇರೆಯೇ ಕೃತ್ಯ. ಮಾತು ಒಂದೇ ಇದ್ದರೂ ಆಡುವ ಬಾಯಿ ಯಾವುದು ಎಂಬುದರ ಮೇಲೆ ಅದು ಅರಿಕೆಯೂ ಆಗಬಹುದು, ಹೇರಿಕೆಯೂ ಆಗಬಹುದು. ಮಗು ಕಳೆದುಕೊಂಡ ತಾಯಿಯ ಮುಂದೆ ದೇವರ ಚಿತ್ತ ಎಂದು ಹೇಳಿ ಎದ್ದುಹೋಗುವ ವಿಶ್ವಾಸಿಗಳು ಇಂದಿಗೂ ಇದ್ದಾರೆ. ಲಾಜರನ ಸಮಾಧಿಯ ಮುಂದೆ, ಅವನನ್ನು ಎಬ್ಬಿಸಲಿದ್ದೇನೆಂದು ಬಲ್ಲ ಯೇಸುವೇ ಕಣ್ಣೀರಿಟ್ಟನೆಂಬುದನ್ನು ಅವರು ಓದಿಕೊಂಡೇ ಬಂದಿರುತ್ತಾರೆ, ಆದರೂ ಆ ಕಣ್ಣೀರಿಗೆ ತಮ್ಮ ಬೋಧನೆಯಲ್ಲಿ ಜಾಗ ಕೊಟ್ಟಿರುವುದಿಲ್ಲ.

ಹೊಗಳಿಕೆಯ ಪರೀಕ್ಷೆ

ಬೆಂಕಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ್ದು 1812ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಸುಮಾರು ಎರಡು ತಿಂಗಳೊಳಗೆ, ಬೇರೆ ಬೇರೆ ಪಂಗಡಗಳ ಸಭೆಗಳಿಂದಲೂ ನೆರವು ಹರಿದು ಬಂದು, ನಷ್ಟವನ್ನು ತುಂಬುವಂತೆ ಸುಮಾರು 10,000 ಪೌಂಡ್ ಕೂಡಿತು. ಇನ್ನು ಸಾಕು ಎಂದು ಫುಲ್ಲರ್ ಹೇಳಬೇಕಾಯಿತು. ಅದುವರೆಗೆ ಕೆಲವೇ ಸಭೆಗಳಿಗೆ ಗೊತ್ತಿದ್ದ ಸೆರಾಂಪುರ ಮನೆಮಾತಾಯಿತು, ಕ್ಯಾರಿಯ ಭಾವಚಿತ್ರಕ್ಕೆ ಬೇಡಿಕೆ ಬಂತು. ಇದನ್ನು ದೇವರ ಆಶೀರ್ವಾದವೆಂದು ಸಾರಿಬಿಡುವುದು ಎಷ್ಟು ಸುಲಭವಾಗಿತ್ತು! ಫುಲ್ಲರ್ ಮಾತ್ರ ಸೆರಾಂಪುರದವರಿಗೆ ಎಚ್ಚರಿಕೆಯ ಪತ್ರ ಬರೆದ. ಈ ಬೆಂಕಿ ನಿಮ್ಮ ಕೆಲಸಕ್ಕೆ ತಂದಿರುವ ಪ್ರಸಿದ್ಧಿ ನನ್ನನ್ನು ನಡುಗಿಸುತ್ತದೆ. ಈ ಧೂಪವನ್ನು ನಾವು ಒಳಗೆಳೆದುಕೊಂಡರೆ ದೇವರು ತನ್ನ ಆಶೀರ್ವಾದವನ್ನು ಹಿಂದೆಗೆಯುವುದಿಲ್ಲವೇ ಎಂದು ಕೇಳಿದ. ಮಾರ್ಚ್ ತಿಂಗಳ ಬೂದಿಯಲ್ಲಿ ನಿಂತು ಕ್ಯಾರಿ ತನ್ನ ಬೀಗುವಿಕೆಯನ್ನು ಒಪ್ಪಿಕೊಂಡದ್ದಕ್ಕೂ ಫುಲ್ಲರನ ಈ ನಡುಕಕ್ಕೂ ಮೂಲ ಒಂದೇ. ಕೆಲಸ ತಮ್ಮದಲ್ಲದಿದ್ದರೆ ಅದರ ಕೀರ್ತಿಯೂ ತಮ್ಮದಲ್ಲ. ನನ್ನ ದೃಷ್ಟಿಯಲ್ಲಿ ಇದು ಬೆಂಕಿಗಿಂತ ಕಠಿಣವಾದ ಪರೀಕ್ಷೆ, ಏಕೆಂದರೆ ಕಷ್ಟದಲ್ಲಿ ದೇವರನ್ನು ನೆನೆಯುವಂತೆ ನೋವೇ ಮಾಡುತ್ತದೆ, ಸನ್ಮಾನದಲ್ಲಿ ಹಾಗೆ ನೆನಪಿಸುವವರು ಇರುವುದಿಲ್ಲ.

ಮುಂದೆ ಏನಾಯಿತು ಎಂಬುದರಲ್ಲಿ ಎಲ್ಲವೂ ಸುಖಾಂತವಲ್ಲ. ಬಂಗಾಳಿ ನಿಘಂಟು ಮುಗಿದು 1825ರ ಹೊತ್ತಿಗೆ ಪೂರ್ತಿಯಾಗಿ ಹೊರಬಂತು. ಸಂಸ್ಕೃತ ಬೈಬಲ್ ಪೂರ್ಣಗೊಂಡಿತು. 1817ರಲ್ಲಿ ಕ್ಯಾರಿಯ ಕನ್ನಡ ವ್ಯಾಕರಣ ಅದೇ ಮುದ್ರಣಾಲಯದಿಂದ ಅಚ್ಚಾಯಿತು, ಕೆಲವು ವರ್ಷಗಳ ಬಳಿಕ ಕನ್ನಡ ಹೊಸ ಒಡಂಬಡಿಕೆಯೂ ಬಂತು. ಅಷ್ಟರಲ್ಲಿ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್‌ನ ಅನುವಾದವೂ ಸಿದ್ಧವಾಗಿ, ಕನ್ನಡಿಗರ ನಡುವೆ ನಿಂತದ್ದು ಅದೇ. ರಾಮಾಯಣದ ಇಂಗ್ಲಿಷ್ ಅನುವಾದ ಮೂರು ಸಂಪುಟಗಳಿಗೇ ನಿಂತುಹೋಯಿತು. ಬಹುಭಾಷಾ ನಿಘಂಟಿನ ನಷ್ಟವನ್ನು ತುಂಬಿ, ನನ್ನ ಅಚ್ಚುಮೆಚ್ಚಿನ ಯೋಜನೆಯನ್ನು ಆಯುಷ್ಯ ಉಳಿದರೆ ಪೂರ್ಣಗೊಳಿಸುವ ಆಸೆಯಿದೆ ಎಂದು ಕ್ಯಾರಿ ಆ ಮಾರ್ಚ್‌ನಲ್ಲೇ ಬರೆದಿದ್ದ. ಆಯುಷ್ಯವೇನೋ ಇನ್ನೂ ಇಪ್ಪತ್ತೆರಡು ವರ್ಷ ಉಳಿಯಿತು; ಅವನು ತೀರಿಕೊಂಡದ್ದು 1834ರ ಜೂನ್ 9ರಂದು. ಆ ನಿಘಂಟು ಮಾತ್ರ ಎಂದೂ ಅಚ್ಚಾಗಲಿಲ್ಲ.